ವರ್ತಮಾನಪತ್ರದ ವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ಪದವಿಪೂರ್ವ ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಬಳಿಕ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಅನೇಕ ಮನೆಗಳಲ್ಲಿ ಒಂದೇ ಬಗೆಯ ಆಲೋಚನೆಯು ನಡೆಯುತ್ತದೆ. ಮಗಳನ್ನು ಮುಂದೆ ಓದಿಸತಕ್ಕದ್ದೋ ಬೇಡವೋ, ಓದಿಸುವದಾದರೆ ಯಾವ ವಿಷಯವನ್ನು ಕೊಡಿಸತಕ್ಕದ್ದು? ಶಿಕ್ಷಕಿಯಾಗುವೆನೆಂದರೆ ಮನೆಯ ಒಪ್ಪಿಗೆಯು ಬೇಗ ಸಿಕ್ಕುವದು. ದಾದಿಯಾಗುವೆನೆಂದರೆ ತುಸು ತಡವಾಗಿಯಾದರೂ ಸಿಕ್ಕುವದು. ಬ್ಯಾಂಕಿನ ಪರೀಕ್ಷೆಗೆ ಕೂಡ್ರುವೆನೆಂದರೆ ಎಲ್ಲರಿಗೂ ಸಂತೋಷವೇ. ಆದರೆ ‘ನಾನು ಪತ್ರಿಕೋದ್ಯಮವನ್ನು ಓದುವೆನು’ ಎಂದು ಹುಡುಗಿಯು ನುಡಿದ ಕೂಡಲೆ ಪಡಸಾಲೆಯಲ್ಲಿ ಮಾತು ನಿಲ್ಲುತ್ತದೆ. ಅದು ಎಂಥ ವಿದ್ಯೆ, ಅದನ್ನು ಎಲ್ಲಿ ಕಲಿಸುತ್ತಾರೆ, ಕಲಿತವಳು ಊರೂರು ತಿರುಗಬೇಕಾಗುವದೋ, ಪೇಪರಿನಲ್ಲಿ ಅವಳ ಹೆಸರು ಬಂದರೆ ನಾಲ್ಕು ಜನ ಏನೆಂದಾರು? ಪಾಲಕರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಈ ಪ್ರಶ್ನೆಗಳಿಗೆ ನಮಗೆ ತಿಳಿದ ಮಟ್ಟಿಗೆ ಉತ್ತರ ಬರೆಯುವದೇ ಈ ಲೇಖನದ ಉದ್ದೇಶವು.

ವರ್ತಮಾನಪತ್ರದ ಕೆಲಸವನ್ನು ಹಿಂದಿನವರು ಕಾಲೇಜಿನಲ್ಲಿ ಕಲಿಯಲಿಲ್ಲ. ಅಚ್ಚುಕೂಟದ ಮಸಿಯಲ್ಲಿಯೇ ಕಲಿತರು. ಅದನ್ನು ಒಂದು ಶಾಸ್ತ್ರವಾಗಿ ಕಲಿಸಬಹುದೆಂಬ ವಿಚಾರವು ಅಮೇರಿಕೆಯಲ್ಲಿ ಬಲಗೊಂಡಿತು. ೧೯೦೮ರಲ್ಲಿ ಮಿಸೂರಿ ವಿಶ್ವವಿದ್ಯಾಲಯವು ಪತ್ರಿಕೋದ್ಯಮಕ್ಕಾಗಿಯೇ ಒಂದು ಶಾಲೆಯನ್ನು ತೆರೆದಾಗ, ಪಾಠ ಆರಂಭವಾದ ದಿವಸವೇ ವಿದ್ಯಾರ್ಥಿಗಳ ಕೈಯಿಂದ ಒಂದು ಪತ್ರಿಕೆಯನ್ನೂ ಹೊರಡಿಸಲಾಯಿತು. ಈಜುವದನ್ನು ದಂಡೆಯ ಮೇಲೆ ಕಲಿಸಲಾಗದೆಂಬ ತಿಳಿವಳಿಕೆಯು ಅದರಲ್ಲಿತ್ತು. ನಮ್ಮ ದೇಶದಲ್ಲಿ ೧೯೨೦ರಲ್ಲಿ ಆನಿ ಬೆಸಂಟರು ಅಡ್ಯಾರಿನಲ್ಲಿ ಇಂಥ ಶಿಕ್ಷಣಕ್ಕೆ ಯತ್ನಿಸಿದರು. ೧೯೪೧ರಲ್ಲಿ ಲಾಹೋರದ ಪಂಜಾಬ ವಿಶ್ವವಿದ್ಯಾಲಯದಲ್ಲಿ ಅದು ಕ್ರಮವಾಗಿ ನಡೆಯಹತ್ತಿತು. ಕನ್ನಡನಾಡಿನಲ್ಲಿ ೧೯೫೧ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ಶ್ರಮದಿಂದ ಈ ವಿಷಯವು ಪದವಿಯ ಪಾಠಪಟ್ಟಿಯೊಳಗೆ ಬಂದಿತು.

ನಮ್ಮ ನಾಲ್ಕು ತಾಲೂಕುಗಳಿಗೆ ಮೈಸೂರು ಬಹುದೂರದ ಊರು. ಆದರೆ ೨೦೦೩ರಲ್ಲಿ ನಾಡಿನ ಮೊದಲನೆಯ ಮಹಿಳಾ ವಿಶ್ವವಿದ್ಯಾಲಯವು ನಮ್ಮ ವಿಜಯಪುರದಲ್ಲಿಯೇ ಸ್ಥಾಪಿತವಾಯಿತು. ೨೦೧೭ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರನ್ನು ಇಡಲಾಯಿತು. ಅಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ವಿಭಾಗವಿದ್ದು, ಪದವಿ ಮುಗಿಸಿದ ಹೆಣ್ಣುಮಕ್ಕಳು ಸ್ನಾತಕೋತ್ತರ ಶಿಕ್ಷಣವನ್ನು ಪಡೆಯಬಹುದು. ಪರದೇಶದಲ್ಲಿ ‘ಸಮುದಾಯ ಕಾಲೇಜು’ ಎಂದು ಕರೆಯುವ ಸಂಸ್ಥೆಗಳುಂಟು. ಮನೆಯಿಂದ ಹೋಗಿಬಂದು, ಹೆಚ್ಚು ಹಣ ವೆಚ್ಚ ಮಾಡದೆ, ಮೊದಲೆರಡು ವರ್ಷಗಳ ಉಚ್ಚಶಿಕ್ಷಣವನ್ನು ಪಡೆಯುವ ಏರ್ಪಾಡು ಅದು. ನಮ್ಮಲ್ಲಿ ಆ ಕೆಲಸವನ್ನು ತಾಲೂಕಿನ ಪ್ರಥಮದರ್ಜೆ ಕಾಲೇಜುಗಳು ಮಾಡುತ್ತಿವೆ. ಅವುಗಳಲ್ಲಿ ಎಲ್ಲಿ ಪತ್ರಿಕೋದ್ಯಮವು ಬಿ.ಎ. ಪದವಿಯ ಐಚ್ಛಿಕ ವಿಷಯವಾಗಿದೆಯೋ ಅಲ್ಲಿ ಅದನ್ನು ಕನ್ನಡ, ಇತಿಹಾಸ, ರಾಜ್ಯಶಾಸ್ತ್ರಗಳ ಸಂಗಡ ತೆಗೆದುಕೊಳ್ಳಬಹುದು. ಎಲ್ಲಿ ಇಲ್ಲವೋ ಅಲ್ಲಿಯೂ ಹುಡುಗಿಯು ನಿರಾಶಳಾಗಬೇಕಿಲ್ಲ. ಆ ಮಾತನ್ನು ಮುಂದೆ ಹೇಳುವೆವು.

ಈ ವಿದ್ಯೆಯು ನಮ್ಮ ಮಣ್ಣಿಗೆ ಹೊಸತೆಂದು ಪಾಲಕರು ತಿಳಿಯಬಾರದು. ೧೮೪೩ನೆಯ ಜುಲೈ ೧ರಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರಡಿಸಿದರಷ್ಟೆ. ಪಕ್ಷಕ್ಕೊಮ್ಮೆ ಬರುವ ಆ ಪತ್ರಿಕೆಯೇ ಕನ್ನಡದ ಮೊದಲನೆಯ ವರ್ತಮಾನಪತ್ರವು. ಸರಕಾರದ ನಿರೂಪಗಳ ಜೊತೆಯಲ್ಲಿ ಊರ ವರ್ತಮಾನಕ್ಕೂ ಅದರಲ್ಲಿ ಸ್ಥಳವಿತ್ತೆಂಬದನ್ನು ನಾವು ವಿಶೇಷವಾಗಿ ನೆನೆಯುತ್ತೇವೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ೧೯೨೭ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ಅದಕ್ಕಾಗಿ ಸ್ವಂತದ ಮನೆಯನ್ನೇ ಮಾರಿದರು. ಮೊಹರೆ ಹಣಮಂತರಾಯರು ವಿಜಯಪುರದ ‘ಕರ್ನಾಟಕ ವೈಭವ’ದಲ್ಲಿ ಪಳಗಿ, ಮುಂದೆ ‘ಸಂಯುಕ್ತ ಕರ್ನಾಟಕ’ದ ಸಂಪಾದಕರಾಗಿ ನಾಡಿನಲ್ಲೆಲ್ಲ ಹೆಸರಾದರು.

ಈ ಹೆಸರುಗಳೆಲ್ಲ ಗಂಡಸರವು. ಹೆಂಗಸರ ಮಾತು ಇಲ್ಲಿ ಇರಲಿಲ್ಲವೇ ಎಂದರೆ, ಬೇಕಾದಷ್ಟಿತ್ತು. ಆಗಿನ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಪದಗಳನ್ನು ಕೂಡಿಹಾಕಿದರು. ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವು ಪ್ರಕಟವಾಯಿತು. ಅದು ಕನ್ನಡಕ್ಕೆ ದೊಡ್ಡ ಉಪಕಾರವು. ಆದರೂ ಕೂಡಿಹಾಕಿದವರ ಹೆಸರು ನಾಡಿಗೆ ತಿಳಿದಿದೆ. ಹಾಡಿದ ತಾಯಂದಿರ ಹೆಸರು ತಿಳಿದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಮಿಕ್ಕಿದ ಶರಣೆಯರು ತಮ್ಮ ತಮ್ಮ ಅಂಕಿತವನ್ನು ಹಾಕಿ ವಚನಗಳನ್ನು ಹೇಳಿದ್ದ ನಾಡಿನಲ್ಲಿ ಹೀಗಾಯಿತೆಂಬದು ವಿಚಾರ ಮಾಡತಕ್ಕ ಸಂಗತಿಯು. ಅತ್ತ ಹಳೆಯ ಮೈಸೂರಿನಲ್ಲಿ ನಂಜನಗೂಡು ತಿರುಮಲಾಂಬ ಅವರು ೧೯೧೦ರ ದಶಕದಲ್ಲಿಯೇ ಪತ್ರಿಕೆಯನ್ನು ನಡೆಸಿದರು, ಬೆಂಗಳೂರಿನ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಮಾಸಪತ್ರಿಕೆಯನ್ನು ಸುಮಾರು ನಾಲ್ಕು ದಶಕಗಳ ಕಾಲ ಬಿಡದೆ ಹೊರಡಿಸಿದರು. ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸುವದೆಂದರೆ ಮನೆಯೊಂದನ್ನು ನಡೆಸಿದಷ್ಟೇ ಕಷ್ಟದ ಕೆಲಸವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಇನ್ನು ವಿದ್ಯಾರ್ಥಿಗಳ ಪತ್ರಿಕೆ ಎಂದರೇನು? ಪತ್ರಿಕೋದ್ಯಮದ ವಿಭಾಗಗಳಲ್ಲಿ ಇದನ್ನು ‘ಪ್ರಾಯೋಗಿಕ ಪತ್ರಿಕೆ’ ಎನ್ನುತ್ತಾರೆ. ವಿಜ್ಞಾನದ ವಿದ್ಯಾರ್ಥಿನಿಗೆ ಪ್ರಯೋಗಶಾಲೆಯು ಹೇಗೋ ಇವರಿಗೆ ಇದು ಹಾಗೆ. ಸುದ್ದಿ ತರುವವರು, ತಿದ್ದುವವರು, ಫೋಟೋ ತೆಗೆಯುವವರು, ಪುಟ ಕಟ್ಟುವವರು, ಕರಡಚ್ಚನ್ನು ಓದುವವರು ಎಲ್ಲರೂ ವಿದ್ಯಾರ್ಥಿನಿಯರೇ. ಅಧ್ಯಾಪಕರು ಹಿಂದೆ ನಿಂತು ನೋಡುವರು. ಪುಟಗಳು ನಾಲ್ಕೋ ಎಂಟೋ ಇದ್ದಾವು. ಇದನ್ನು ಮಾರಾಟಕ್ಕಾಗಿ ಅಲ್ಲ, ಕಾಲೇಜಿನೊಳಗಿನ ಪ್ರಸಾರಕ್ಕಾಗಿ ಸಾಮಾನ್ಯವಾಗಿ ಅಚ್ಚು ಮಾಡುತ್ತಾರೆ. ಓದುಗರು ಇನ್ನೂರು ಜನರಿದ್ದರೂ ಇಪ್ಪತ್ತು ಸಾವಿರವಿದ್ದರೂ ಸುದ್ದಿಯನ್ನು ಕಟ್ಟುವ ಕ್ರಮವು ಒಂದೇ.

ಉದಾಹರಣೆಗಾಗಿ, ಬಾಗೇವಾಡಿ ತಾಲೂಕಿನ ಒಂದು ಹಳ್ಳಿಗೆ ಹೋಗುವ ಸಾಯಂಕಾಲದ ಬಸ್ಸು ನಿಂತುಹೋಗಿದೆಯೆಂದು ಭಾವಿಸೋಣ. ಮೊದಲನೆಯ ವರ್ಷದ ಹುಡುಗಿಯು ಬರೆದು ತರುವ ವಾಕ್ಯವು ಹೀಗಿರುವದು: ‘ಬಸ್ಸಿಲ್ಲದೆ ವಿದ್ಯಾರ್ಥಿಗಳಿಗೆ ತೀವ್ರ ತೊಂದರೆಯಾಗಿದ್ದು, ಅಧಿಕಾರಿಗಳು ಕಣ್ಣು ಮುಚ್ಚಿ ಕುಳಿತಿದ್ದಾರೆ.’ ಸಂಪಾದಕಿಯಾದ ಹಿರಿಯ ವಿದ್ಯಾರ್ಥಿನಿಯು ಅದರ ಸುತ್ತ ಕೆಂಪು ಮಸಿಯ ಗೆರೆ ಎಳೆದು ತಿರುಗಿ ಕೊಡುವಳು. ಯಾವ ತಾರೀಖಿನಿಂದ ನಿಂತಿದೆ? ಎಷ್ಟು ಗಂಟೆಯ ಬಸ್ಸು? ಅದರಲ್ಲಿ ಎಷ್ಟು ಹುಡುಗಿಯರು ಹೋಗುತ್ತಿದ್ದರು, ಈಗ ಹೇಗೆ ಹೋಗುತ್ತಾರೆ? ಯಾರಾದರೂ ಕಾಲೇಜನ್ನೇ ಬಿಟ್ಟರೋ? ಡಿಪೋದವರನ್ನು ಕೇಳಿದೆಯಾ? ಕಣ್ಣು ಮುಚ್ಚಿ ಕುಳಿತದ್ದನ್ನು ನೀನು ಕಂಡೆಯಾ?

ಹುಡುಗಿಯು ಮತ್ತೆ ಹೋಗಬೇಕು. ಮೂರು ಸಂಜೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ವಹಿಯನ್ನು ಹಿಡಿದು ಕುಳಿತು ತಲೆ ಎಣಿಸಬೇಕು. ಹಳ್ಳಿಯ ಹಾಜರಿಯನ್ನು ಕಾಲೇಜಿನ ಕಚೇರಿಯಲ್ಲಿ ನೋಡಬೇಕು. ಡಿಪೋದ ವ್ಯವಸ್ಥಾಪಕರ ಮುಂದೆ ನಿಂತು, ಧ್ವನಿ ನಡುಗಿದರೂ ಸರಿಯೇ, ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಬೇಕು. ಅವರು ವೇಳಾಪಟ್ಟಿಯನ್ನು ತೆಗೆದು, ಹಳ್ಳದ ಸೇತುವೆ ಕುಸಿದುದರಿಂದ ಬಸ್ಸನ್ನು ನಿಲ್ಲಿಸಿದೆವೆಂದೂ, ಸೇತುವೆಯ ದುರಸ್ತಿಯು ತಮ್ಮ ಕೈಯಲ್ಲಿ ಇಲ್ಲವೆಂದೂ ಹೇಳಬಹುದು. ಆಗ ಅವಳ ಬರಹದ ತಲೆಬರಹವೇ ಬದಲಾಗುತ್ತದೆ. ಕೇಳತಕ್ಕ ಕಚೇರಿಯೂ ಬೇರೆಯಾಗುತ್ತದೆ. ಕೊನೆಗೆ ಅಚ್ಚಾದ ಸುದ್ದಿಯಲ್ಲಿ ‘ತೀವ್ರ’ ಎಂಬ ಶಬ್ದವೇ ಇರುವದಿಲ್ಲ. ತಾರೀಖು, ಗಂಟೆ, ಹುಡುಗಿಯರ ಸಂಖ್ಯೆ, ಸೇತುವೆಯ ಹೆಸರು, ಇಬ್ಬರು ಅಧಿಕಾರಿಗಳ ಮಾತು ಇಷ್ಟೇ ಇರುವವು. ಓದಿದವರಿಗೆ ತೊಂದರೆಯು ತೀವ್ರವೆಂದು ತಾನಾಗಿ ತಿಳಿಯುತ್ತದೆ.

ಕಚೇರಿಯವರು ಉತ್ತರ ಕೊಡದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯುಂಟು. ೧೦ ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ ೩೦ ದಿವಸಗಳೊಳಗೆ ಮಾಹಿತಿ ಕೊಡತಕ್ಕದ್ದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿದ್ದು, ಅದು ೧೫೦ ಶಬ್ದಗಳನ್ನು ಮೀರಕೂಡದು. ಬೇಡವಾದದ್ದನ್ನು ಬಿಟ್ಟು ಬೇಕಾದದ್ದನ್ನು ಕೇಳುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪ್ರಬಂಧಪಾಠವನ್ನು ನಾವು ಕಾಣೆವು. ಆದರೆ ಬಸ್ಸಿಗಾಗಿ ಕಾಯುವ ಹುಡುಗಿಗೆ ೩೦ ದಿವಸವೆಂಬದು ಸಣ್ಣ ಅವಧಿಯಲ್ಲ. ಆದಕಾರಣ ಮೊದಲು ಮುಖತಃ ಕೇಳುವದೇ ಮೇಲು.

ಅಂಕಿಗಳ ವಿಷಯದಲ್ಲಿ ಒಂದು ಮಾತು. ಗಣಿತವನ್ನು ತಪ್ಪಿಸಿಕೊಳ್ಳಲು ಕೆಲವರು ಈ ವಿಷಯವನ್ನು ಆರಿಸುತ್ತಾರೆ. ಅವರಿಗೆ ನಿರಾಶೆಯು ಕಾದಿದೆ. ಆಲಮಟ್ಟಿಯ ಜಲಾಶಯದಲ್ಲಿ ೫೧೯.೬೦ ಮೀಟರಿನ ಮಟ್ಟದ ವರೆಗೆ ನೀರು ನಿಲ್ಲಿಸುತ್ತ ಬಂದಿದ್ದಾರೆ. ೨೦೧೦ರಲ್ಲಿ ಕೃಷ್ಣಾ ನ್ಯಾಯಾಧಿಕರಣವು ಅದನ್ನು ೫೨೪.೨೫೬ ಮೀಟರಿಗೆ ಏರಿಸಲು ಒಪ್ಪಿತು. ನಡುವಿನ ಅಂತರವು ಐದು ಮೀಟರಿಗಿಂತ ಕಡಿಮೆ. ಆ ಐದು ಮೀಟರಿನೊಳಗೆ ಎಷ್ಟು ಊರುಗಳ ಹೊಲಮನೆಗಳಿವೆಯೆಂಬದು ಕೃಷ್ಣೆಯ ದಂಡೆಯವರಿಗೆ ಗೊತ್ತಿದೆ. ಇಲ್ಲಿ ದಶಮಾಂಶದ ಚುಕ್ಕೆಯನ್ನು ತಪ್ಪಾಗಿ ಇಡುವ ವರದಿಗಾರ್ತಿಯು ಒಂದು ಮನೆತನದ ನಿದ್ದೆಯನ್ನು ಕೆಡಿಸಬಲ್ಲಳು. ಇಂಡಿಯ ಲಿಂಬೆಯ ಪೇಟೆಧಾರಣೆಯೂ ಹಾಗೆಯೇ. ಆ ಲಿಂಬೆಗೆ ಭೌಗೋಳಿಕ ಸೂಚಿಕೆಯು ದೊರೆತಿದ್ದು ಅಭಿಮಾನದ ಸಂಗತಿ. ಅದನ್ನು ಎಲ್ಲರೂ ಬರೆಯುತ್ತಾರೆ. ಈ ವಾರ ಚೀಲಕ್ಕೆ ಎಷ್ಟು ದರ ಬಂದಿತು, ಕೀಳುವ ಹೆಂಗಸಿನ ಕೂಲಿ ಎಷ್ಟು ಎಂಬದನ್ನು ಕೇಳಿ ಬರೆಯುವವರು ಕಡಿಮೆ.

ಈಗ ಹೆಸರಿನ ಪ್ರಶ್ನೆಗೆ ಬರೋಣ. ಪಾಲಕರ ಮುಖ್ಯ ಅಳುಕು ಅಲ್ಲಿಯೇ ಇದೆ. ‘ಬರೆಯಲಿ, ಆದರೆ ಹೆಸರು ಹಾಕುವದು ಬೇಡ’ ಎನ್ನುವ ತಂದೆಯವರನ್ನು ನಾವು ಬಲ್ಲೆವು. ಅವರ ಮನಸ್ಸಿನಲ್ಲಿ ಕೆಡುಕಿಲ್ಲ. ಮಗಳ ಮದುವೆಯ ಮಾತು ನಡೆಯುವಾಗ ಯಾರಾದರೂ ಆಡಿಕೊಂಡಾರೆಂಬ ಭಯವಿದೆ. ಆದರೆ ಸುದ್ದಿಯ ಕೆಳಗಿನ ಹೆಸರು ಅಲಂಕಾರವಲ್ಲ, ಹೊಣೆಯು. ಬರೆದವಳು ಇಂಥವಳೆಂದು ತಿಳಿದಿದ್ದರೆ ತಪ್ಪು ಕಂಡವರು ಅವಳನ್ನು ಕೇಳಬಹುದು. ಅವಳೂ ಬರೆಯುವಾಗ ಎರಡು ಸಲ ವಿಚಾರ ಮಾಡುವಳು. ಹೆಸರಿಲ್ಲದ ಬರಹಕ್ಕೆ ಹೇಳುವವರು ಕೇಳುವವರು ಇಲ್ಲ, ಈಗ ಮೊಬಾಯಿಲಿನಲ್ಲಿ ಕೈಯಿಂದ ಕೈಗೆ ಹರಿದಾಡುವ ಗಾಳಿಸುದ್ದಿಯಂತೆ. ಬೀಸುವ ಕಲ್ಲಿನ ಮುಂದೆ ಹಾಡಿದವರ ಹೆಸರು ಹೋದಂತೆ ಇವರ ಹೆಸರೂ ಹೋಗಬೇಕೇ ಎಂದು ನಾವು ಪಾಲಕರನ್ನು ವಿನಯದಿಂದ ಕೇಳುತ್ತೇವೆ.

ಆದರೆ ಹಾಕಲೇಬಾರದ ಹೆಸರುಗಳೂ ಉಂಟು, ಇದನ್ನು ಕಾಲೇಜಿನಲ್ಲಿ ಮೊದಲೇ ಕಲಿಸುತ್ತಾರೆ. ಲೈಂಗಿಕ ಅಪರಾಧಕ್ಕೆ ಗುರಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಮನೆತನ, ಚಿತ್ರ ಯಾವದನ್ನೂ ಪ್ರಕಟಿಸಕೂಡದೆಂದು ೨೦೧೨ರ ಪೋಕ್ಸೋ ಕಾಯಿದೆಯ ೨೩ನೆಯ ಕಲಮು ಹೇಳುತ್ತದೆ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ಗುರುತನ್ನು ಹೊರಗೆಡಹುವದು ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ ೭೨ನೆಯ ಕಲಮಿನಂತೆ ಅಪರಾಧವು. ಹಿಂದಿನ ದಂಡಸಂಹಿತೆಯಲ್ಲಿಯೂ ಹಾಗೆಯೇ ಇತ್ತು. ಬಾಲ್ಯವಿವಾಹದಿಂದ ಬಿಡಿಸಿದ ಹುಡುಗಿಯಂಥ ರಕ್ಷಣೆಯ ಅಗತ್ಯವುಳ್ಳ ಮಕ್ಕಳ ಗುರುತನ್ನು ಬಾಲನ್ಯಾಯದ ೨೦೧೫ರ ಕಾಯಿದೆಯು ಕಾಪಾಡುತ್ತದೆ. ಸಣ್ಣ ಊರಿನಲ್ಲಿ ಹೆಸರನ್ನು ಬಿಟ್ಟರೆ ಸಾಲದೆಂಬದನ್ನೂ ನೆನೆಯಬೇಕು. ‘ಇಂಥ ತಾಂಡೆಯ, ಇಂಥ ಕೆಲಸದವನ ಎರಡನೆಯ ಮಗಳು’ ಎಂದು ಬರೆದರೆ ಹೆಸರನ್ನು ಹಾಕಿದಂತೆಯೇ ಆಯಿತು. ದೊಡ್ಡ ಪಟ್ಟಣದ ಪತ್ರಿಕೆಯವರಿಗೆ ಹೊಳೆಯದ ಈ ಸೂಕ್ಷ್ಮವು ಸಿಂದಗಿಯ ಹುಡುಗಿಗೆ ಹೊಳೆಯುತ್ತದೆ, ಯಾಕಂದರೆ ಅವಳ ಓಣಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು.

ಭಾಷೆಯ ವಿಷಯದಲ್ಲಿ ನಮ್ಮ ಕಡೆಯ ಮಕ್ಕಳಿಗೆ ಒಂದು ನಾಚಿಕೆಯಿದೆ. ಪುಸ್ತಕದ ಕನ್ನಡವೇ ಕನ್ನಡ, ಮನೆಯ ಮಾತು ಒರಟೆಂದು ತಿಳಿದು, ಊರ ಹೆಂಗಸು ‘ನೀರ ಬರೂದು ಎಂಟ ದಿನಕ್ಕೊಮ್ಮಿ ನೋಡವ್ವಾ’ ಎಂದದ್ದನ್ನು ‘ಜಲಪೂರೈಕೆಯು ಅಸಮರ್ಪಕವಾಗಿದೆಯೆಂದು ಮಹಿಳೆ ಅಳಲು ತೋಡಿಕೊಂಡರು’ ಎಂದು ಬರೆಯುತ್ತಾರೆ. ಇದರಲ್ಲಿ ಎಂಟು ದಿವಸವೂ ಹೋಯಿತು, ಹೆಂಗಸೂ ಹೋದಳು. ವರದಿಯ ಸ್ವಂತ ವಾಕ್ಯಗಳು ಶಿಷ್ಟವಾದ ಕನ್ನಡದಲ್ಲಿರಲಿ. ಆಡಿದವರ ಮಾತು ಮಾತ್ರ ಆಡಿದಂತೆಯೇ ಇರಲಿ. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ೨೦೦೨ರಲ್ಲಿ ಹಳ್ಳಿಯ ಹೆಂಗಸರೇ ಕೂಡಿ ‘ಖಬರ್ ಲಹರಿಯಾ’ ಎಂಬ ಪತ್ರಿಕೆಯನ್ನು ತಮ್ಮ ಬುಂದೇಲಿ ನುಡಿಯಲ್ಲಿ ಆರಂಭಿಸಿದರು. ಹೆಚ್ಚು ಓದದ ಹೆಂಗಸರು ತಮ್ಮ ನುಡಿಯಲ್ಲಿ ಅಧಿಕಾರಿಗಳನ್ನು ಪ್ರಶ್ನಿಸಿ ಬರೆದದ್ದನ್ನು ದೇಶವೇ ಕೇಳಿತು.

ಗಳಿಕೆಯ ಬಗೆಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ತಾಲೂಕಿನ ಬಿಡಿ ವರದಿಗಾರರಿಗೆ ದೊರೆಯುವ ಹಣದಿಂದ ಸಂಸಾರ ನಡೆಯುವದಿಲ್ಲ. ಪೂರ್ಣಕಾಲದ ಕೆಲಸಗಳು ವಿಜಯಪುರ, ಕಲಬುರಗಿ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿವೆ. ಅಲ್ಲಿಯೂ ಆರಂಭದ ಸಂಬಳವು ದೊಡ್ಡದಲ್ಲ. ಅಚ್ಚಿನ ಪತ್ರಿಕೆಗಳಲ್ಲದೆ ದೂರದರ್ಶನದ ವಾಹಿನಿಗಳು, ಆಕಾಶವಾಣಿ, ಸರಕಾರದ ವಾರ್ತಾ ಇಲಾಖೆ, ಭಾಷಾಂತರ, ಪುಸ್ತಕಪ್ರಕಟನೆ, ಅಧ್ಯಾಪನ ಇವೂ ಈ ವಿದ್ಯೆಯ ಹಾದಿಗಳೇ. ಹಣವೊಂದನ್ನೇ ನೋಡುವ ಮನೆಯವರು ಬೇರೆ ವಿಷಯವನ್ನು ಆರಿಸುವದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯವು.

ತಿರುಗಾಟವು ಉಂಟು, ಇಲ್ಲವೆನ್ನಲಾಗದು. ೨೦೨೩ರ ಜೂನ್ ೧೧ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೀಟಿನ ಹಣವಿಲ್ಲದ ಪ್ರವಾಸವು ದೊರೆತದ್ದರಿಂದ ಖರ್ಚಿನ ಮಾತು ಹಗುರಾಗಿದೆ. ಸಮಯದ ಮಾತು ಹಾಗೆಯೇ ಇದೆ. ವಿದ್ಯಾರ್ಥಿನಿಯರು ಇಬ್ಬಿಬ್ಬರಾಗಿ ಹೋಗುವದು, ಎಲ್ಲಿಗೆ ಯಾರನ್ನು ಕಾಣಲು ಹೋಗುವೆವೆಂದು ವಿಭಾಗದ ವಹಿಯಲ್ಲಿ ಬರೆದಿಟ್ಟು ಹೋಗುವದು, ಹೊತ್ತು ಮುಳುಗುವ ಮುಂಚೆ ತಿರುಗಿ ಬರುವದು, ಇಂಥ ಕಟ್ಟುಗಳನ್ನು ಪಾಲಕರು ಅಧ್ಯಾಪಕರೊಡನೆ ಮಾತಾಡಿ ಗೊತ್ತುಮಾಡಿಕೊಳ್ಳಬಹುದು. ಕಟ್ಟು ಹಾಕಿರಿ, ಕದ ಹಾಕಬೇಡಿರಿ.

ಮಾಜಿ ವಿದ್ಯಾರ್ಥಿನಿಯರಿಗೂ ನಮ್ಮದೊಂದು ಅರಿಕೆಯಿದೆ. ನಿಮ್ಮಲ್ಲಿ ಅನೇಕರು ಈಗ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ, ಪಂಚಾಯತಿ ಹಾಗೂ ತಹಶೀಲ ಕಚೇರಿಗಳಲ್ಲಿ ಇದ್ದೀರಿ. ವಹಿ ಹಿಡಿದ ಹುಡುಗಿಯೊಬ್ಬಳು ನಿಮ್ಮ ಮೇಜಿನ ಮುಂದೆ ಬಂದು ನಿಂತರೆ ‘ಸಾಹೇಬರು ಇಲ್ಲ, ನಾಳೆ ಬಾ’ ಎಂದು ಕಳಿಸಬೇಡಿರಿ. ಹೇಳಬಹುದಾದದ್ದನ್ನು ಹೇಳಿರಿ, ಹೇಳಬಾರದ್ದು ಯಾವದು, ಯಾರನ್ನು ಕೇಳಬೇಕು ಎಂಬದನ್ನಾದರೂ ತಿಳಿಸಿರಿ. ಅವಳು ಬರೆದದ್ದರಲ್ಲಿ ತಪ್ಪಿದ್ದರೆ ಮನೆಗೆ ದೂರು ಒಯ್ಯದೆ ಸಂಪಾದಕಿಗೆ ಕಾಗದ ಬರೆಯಿರಿ. ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುವದೂ ಅವರ ಪಾಠದ ಒಂದು ಭಾಗವೇ.

ತಮ್ಮ ಕಾಲೇಜಿನಲ್ಲಿ ಈ ವಿಷಯವೇ ಇಲ್ಲದ ಹುಡುಗಿಯರಿಗೆ ಭಿತ್ತಿಪತ್ರಿಕೆಯಿದೆ. ಚಿತ್ರ ಬರೆಯುವ ದೊಡ್ಡ ಹಾಳೆ ನಾಲ್ಕು, ಕಪ್ಪು ಮತ್ತು ಕೆಂಪು ಮಸಿ, ಪ್ರಾಚಾರ್ಯರ ಅಪ್ಪಣೆ, ಗ್ರಂಥಾಲಯದ ಹೊರಗಿನ ಗೋಡೆಯಲ್ಲಿ ಒಂದು ಮೊಳ ಸ್ಥಳ ಇಷ್ಟಿದ್ದರೆ ಸಾಕು. ನಾಲ್ಕೈದು ಜನರು ಕೂಡಿ ವಾರಕ್ಕೊಂದು ಸುದ್ದಿಯನ್ನು ನಿಜವಾಗಿ ಕೇಳಿಕೊಂಡು ಬಂದು ಬರೆದು, ಕೆಳಗೆ ಹೆಸರು ತಾರೀಖುಗಳನ್ನು ಹಾಕಿ, ಸೋಮವಾರ ಮುಂಜಾನೆ ಅಂಟಿಸಬೇಕು. ಕವಿತೆಗಳು ಕೇಳದೆಯೇ ಬಂದು ಬೀಳುವವು. ಅವಕ್ಕೆ ಒಂದು ಮೂಲೆಯನ್ನಷ್ಟೇ ಕೊಡಬೇಕು. ಹಳೆಯ ಹಾಳೆಗಳನ್ನು ಹರಿಯದೆ ತಾರೀಖಿನ ಕ್ರಮದಲ್ಲಿ ಹೊಲಿದು ಇಟ್ಟರೆ, ಮೂರು ವರ್ಷ ಮುಗಿದು ವಿಜಯಪುರಕ್ಕೆ ಅರ್ಜಿ ಹಾಕುವ ದಿವಸ ಅಂಕಪಟ್ಟಿಯ ಜೊತೆಯಲ್ಲಿ ಅದನ್ನೂ ತೋರಿಸಬಹುದು.